ಭಾಗಾಕಾರದ ಉತ್ತರ ಅಂದಾಜು ಮಾಡೋದನ್ನ ಮಕ್ಕಳಿಗೆ ಹೇಗೆ ಕಲಿಸ್ತೀರಿ? (5ನೇ ಕ್ಲಾಸ್)

ಹಾಸನದ_ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈಗ 5ನೇ ಕ್ಲಾಸು. ಮಗ್ಗಿ 12ರವರೆಗೂ ಗಟ್ಟಿ ಇದೆ, ಕೂಡೋದು ಕಳೆಯೋದು ಗುಣಾಕಾರ ಯಾವುದ್ರಲ್ಲೂ ಅಷ್ಟೊಂದು ತೊಂದ್ರೆ ಇಲ್ಲ, ಭಾಗಾಕಾರ ಬಂತು ಅಂದ್ರೆ ಮಾತ್ರ ಎಲ್ಲಾ ಎಡವಟ್ಟಾಗುತ್ತೆ. ನಿನ್ನೆ ಸಂಜೆ 4218 ÷ 6 ಮಾಡ್ತಾ ಇದ್ಲು, ನಾನು ಪಕ್ಕದಲ್ಲೇ ಹುರುಳಿಕಾಯಿ ಬಿಡಿಸ್ತಾ ಕೂತಿದ್ದೆ. ಆರೇಳ್ಲಿ ನಲವತ್ತೆರಡು ಅಂತ 7 ಬರೆದ್ಲು, ಆಮೇಲೆ 1 ಇಳಿಸಿದ್ಲು, 1ರಲ್ಲಿ 6 ಹೋಗಲ್ಲ ಅಂತ ಹಂಗೇ 8ನೂ ಇಳಿಸ್ಕೊಂಡ್ಲು, ಆರ್ಮೂರ್ಲಿ ಹದಿನೆಂಟು, 3 ಬರೆದ್ಲು. ಉತ್ತರ 73. ಶೇಷ ಸೊನ್ನೆ ಬಂತಲ್ಲ, ಖುಷಿಯಾಗಿ ಕೆಳಗೆ ಎರಡು ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋದ್ಲು. ನಾಲ್ಕು ಸಾವಿರ ಚಿಲ್ಲರೆನ ಆರು ಜನಕ್ಕೆ ಹಂಚಿದ್ರೆ ಒಬ್ಬೊಬ್ಬರಿಗೆ ಬರೀ 73 ಬರೋಕೆ ಹೇಗೆ ಸಾಧ್ಯ ಅನ್ನೋ ಅನುಮಾನನೇ ಅವಳಿಗೆ ಬರಲಿಲ್ಲ, ನನಗೆ ಬೇಜಾರಾಗಿದ್ದು ಅದು. ತಪ್ಪು ಎಲ್ಲರೂ ಮಾಡ್ತಾರೆ.

ಇನ್ನೊಂದು ವಿಷಯ. ಅವಳ ವರ್ಕ್‌ಬುಕ್ಕಲ್ಲಿ "ಮೊದಲು ಅಂದಾಜು ಮಾಡಿ, ನಂತರ ಲೆಕ್ಕ ಮಾಡಿ" ಅಂತ ಎರಡು ಕಾಲಮ್ ಇದೆ. ಇವಳು ಏನ್ ಮಾಡ್ತಾಳೆ ಅಂದ್ರೆ ಮೊದಲು ರಫ್ ಶೀಟಲ್ಲಿ ಪೂರ್ತಿ ಲೆಕ್ಕ ಮಾಡಿ ಉತ್ತರ ತಗೊಂಡು, ಅದನ್ನ ಹತ್ತಿರದ ಹತ್ತಕ್ಕೋ ನೂರಕ್ಕೋ ರೌಂಡ್ ಮಾಡಿ ಅಂದಾಜಿನ ಕಾಲಮ್ಮಲ್ಲಿ ಬರೀತಾಳೆ! ಯಾಕೆ ಹೀಗೆ ಅಂತ ಕೇಳಿದ್ರೆ "ಅಂದಾಜು ತಪ್ಪಾದ್ರೆ ಮಿಸ್ ಅರ್ಧ ಮಾರ್ಕ್ಸ್ ಕಟ್ ಮಾಡ್ತಾರೆ" ಅಂತಾಳೆ. ಅಂದಾಜು ಅಂದ್ರೆ ಏನು ಅಂತ ನಾನಾದ್ರೂ ಅವಳಿಗೆ ಸರಿಯಾಗಿ ಹೇಳ್ಕೊಡ್ಬೇಕು, ಆದ್ರೆ ಎಲ್ಲಿಂದ ಶುರು ಮಾಡ್ಲಿ ಗೊತ್ತಾಗ್ತಿಲ್ಲ. ರೌಂಡ್ ಮಾಡೋ ರೂಲು ಹೇಳ್ಕೊಟ್ಟೆ, ಅದರಿಂದ ಗೊಂದಲ ಇನ್ನೂ ಜಾಸ್ತಿ ಆಯ್ತು. 2534 ÷ 7 ಇತ್ತು, 2534ನ ರೌಂಡ್ ಮಾಡಿದ್ರೆ 2500, ಅದನ್ನ 7ರಿಂದ ಭಾಗಿಸೋದು ಮೊದಲಿನ ಲೆಕ್ಕದಷ್ಟೇ ಕಷ್ಟ. ಸಾವಿರಕ್ಕೆ ರೌಂಡ್ ಮಾಡಿದ್ರೆ 3000, ಅದೂ ಹೋಗಲ್ಲ. ಮಕ್ಕಳಿಗೆ ಹೇಳ್ಕೊಟ್ಟು ಅನುಭವ ಇರೋರು ದಯವಿಟ್ಟು ಹೇಳಿ.

---

ಸಾಲಿ_ಮಾಸ್ತರ

ಅಕ್ಕಾರ ನಮಸ್ಕಾರ್ರಿ. ನಾನು ಕೊಪ್ಪಳ ಜಿಲ್ಲಾದಾಗ ಸರಕಾರಿ ಪ್ರಾಥಮಿಕ ಸಾಲ್ಯಾಗ ಮಾಸ್ತರ ಅದೀನಿ, 4 ಮತ್ತ 5ನೇ ತರಗತಿಗೆ ಗಣಿತ ಹೇಳ್ತೀನಿ. ನಿಮ್ಮ ಮಗಳು ಮಾಡಿದ ತಪ್ಪು ಐತಲ್ರಿ, ನಡುವಿನ ಸೊನ್ನಿ ನುಂಗಿ 703ರ ಬದಲಿ 73 ಬರಿಯೋದು, ಅದನ್ನ ನಾನು ಪ್ರತಿ ವರ್ಷ ನೋಡ್ತೀನಿ. ಹುಡುಗೂರು ಶಾಣ್ಯಾ ಇದ್ರೂ ಮಾಡ್ತಾವ, ಯಾಕಂದ್ರ ಭಾಗಾಕಾರ ಸುರು ಮಾಡಿದ ಕೂಡ್ಲೇ ಅವುಕ್ಕ 4218 ಅನ್ನೋ ಸಂಖ್ಯೆ ಕಾಣೋದಿಲ್ಲ, 42 ಕಾಣ್ತೈತಿ, ಆಮ್ಯಾಲೆ 1 ಕಾಣ್ತೈತಿ, ಆಮ್ಯಾಲೆ 18. ನಾಕ್ ಸಾವಿರ ಎರಡನೂರಾ ಹದಿನೆಂಟು ಅನ್ನೋದು ಎಲ್ಲೋ ಕಳದು ಹೋಗಿರ್ತೈತಿ. ಅದಕ್ಕ ಮೊದಲ ಕೆಲಸ ರೌಂಡ್ ಮಾಡೋದಲ್ರಿ. ಮೊದಲ ಕೆಲಸ ಉತ್ತರದಾಗ ಎಷ್ಟು ಅಂಕಿ ಇರ್ತಾವ ಅಂತ ಕೇಳೋದು.

ನಾನು ಹಿಂಗ್ ಮಾಡಿಸ್ತೀನಿ. 6 ಹತ್ತಲಿ ಎಷ್ಟು? 60. 6 ನೂರಲಿ? 600. 6 ಸಾವಿರಲಿ? 6000. ನಮ್ಮ 4218 ಎಲ್ಲಿ ಕುಂತೈತಿ? 600ಕ್ಕೂ 6000ಕ್ಕೂ ನಡುವ. ಅಂದ್ರ ಉತ್ತರ ನೂರಕ್ಕಿಂತ ಹೆಚ್ಚು, ಸಾವಿರಕ್ಕಿಂತ ಕಮ್ಮಿ. ಅಂದ್ರ ಮೂರಂಕಿ. ಲೆಕ್ಕ ಮುಟ್ಟೋಕಿಂತ ಮುಂಚೆ ಭಾಗಲಬ್ಧ ಬರಿಯೋ ಜಾಗಾದಾಗ ಮೂರು ಸಣ್ಣ ಗೆರಿ ಹಾಕ್ಸ್ತೀನಿ, ನೂರರ ಮನಿ, ಹತ್ತರ ಮನಿ, ಒಂದರ ಮನಿ. ಆಮ್ಯಾಲೆ ಹುಡುಗ 7 ಬರದು 3 ಬರದ ಅಂದ್ರ ಒಂದು ಮನಿ ಖಾಲಿ ಉಳೀತೈತಿ. ನಾನು ಏನೂ ಹೇಳಬೇಕಾಗಿಲ್ಲ, ಅವನ ಕಣ್ಣಿಗೇ ಬೀಳ್ತೈತಿ. ಈ ಮೂರು ಗೆರಿ ಹಾಕೋದಕ್ಕ ಹತ್ತು ಸೆಕೆಂಡ್ ಹತ್ತಂಗಿಲ್ಲ, ಆದ್ರ ಅದ ನಿಜವಾದ ಅಂದಾಜು.

ಎರಡನೇದು, ಪುಸ್ತಕದ ಸಂಖ್ಯೆಕಿಂತ ಮುಂಚೆ ಮಕ್ಕಳು ದಿನಾ ನೋಡೋ ವಸ್ತು ತಗೋರಿ. ನಮ್ಮಲ್ಲಿ ಕ್ಷೀರಭಾಗ್ಯದ ಹಾಲಿನ ಪುಡಿ ಐತ್ರಿ, ಒಂದು ಮಗುವಿಗೆ 18 ಗ್ರಾಂ ಪುಡಿ, ಅದರಿಂದ 150 ಮಿಲಿ ಹಾಲು. ಒಂದಿನ ಒಂದು ಕೇಜಿ ಪ್ಯಾಕೆಟ್ ತರಗತಿಗೆ ತಗೊಂಡು ಹೋದೆ. ಟೇಬಲ್ ಮ್ಯಾಲ ಇಟ್ಟು ಕೇಳ್ದೆ, ಇದು ಎಷ್ಟು ಮಂದಿಗೆ ಸಾಕಾಗ್ತೈತಿ, ಯಾರೂ ಪಾಟಿ ಮುಟ್ಟಬಾರದು, ಬರೇ ಬಾಯಾಗ ಹೇಳ್ರಿ. ಒಬ್ಬ 5 ಅಂದ, ಒಬ್ಬಾಕಿ 500 ಅಂದ್ಲು, ಹಿಂದ ಕುಂತಾಂವ 100 ಅಂದ. ಎಲ್ಲಾ ಬೋರ್ಡ್ ಮ್ಯಾಲ ಬರದೆ. ಯಾವುದಕ್ಕೂ ತಪ್ಪು ಅನ್ನಲಿಲ್ಲ. ಆಮ್ಯಾಲೆ ಒಬ್ಬಾಕಿ ತಾನ ಎದ್ದು ನಿಂತು ಹೇಳಿದ್ಲು, "ಸರ, 5 ಮಂದಿಗೆ ಆದ್ರ ನಮ್ಮ 62 ಮಂದಿಗೆ ದಿನಾ 13 ಪ್ಯಾಕೆಟ್ ಬೇಕಾಗ್ತಾವ, ಅಡಗಿ ಅಕ್ಕಾರು ಒಂದು ಪೂರಾ ಹಾಕಿ ಇನ್ನೊಂದರಾಗ ಒಂಚೂರು ಅಷ್ಟ ತಗೀತಾರ." ಅಡಗಿ ಮನಿ ಬಾಗಿಲದಾಗ ನಿಂತು ನೋಡಿದ್ದು ಆಕಿ. ಅಲ್ಲಿಗೆ 5 ಹೋತು, 500 ಹೋತು, 100ನೂ ಹೋತು. ಆಮ್ಯಾಲೆ 18ನ 20 ಅನ್ಕೊಳ್ಳೋಣ ಅಂದೆ, 1000ದಾಗ 20 ಎಷ್ಟು ಸಲ? 50. ಖರೇ 18 ಅಂದ್ರ 20ಕ್ಕಿಂತ ಸಣ್ಣ ಪಾಲು, ಅದಕ್ಕ 50ಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಬರ್ತೈತಿ. ಕಡೀಗೆ ಪಾಟಿ ಹಿಡದು ಮಾಡಿದ್ರ 55, ಇನ್ನ 10 ಗ್ರಾಂ ಉಳೀತು. ಅವತ್ತು ಆ ತರಗತಿಯೊಳಗ ಆದ ಗದ್ದಲ ನನಗ ಈಗೂ ನೆನಪೈತಿ.

ನಿಮ್ಮ 2534 ÷ 7 ಬಗ್ಗೆ. ರೌಂಡ್ ಮಾಡೋ ರೂಲು ಮರತುಬಿಡ್ರಿ. 7ರ ಮಗ್ಗ್ಯಾಗ 25ರ ಆಜೂಬಾಜೂ ಯಾರದಾರ? 21 ಮತ್ತ 28. ಅಂದ್ರ 2100 ಮತ್ತ 2800, ಉತ್ತರ 300 ಮತ್ತ 400ರ ನಡುವ. 2534 ಹೆಚ್ಚು ಕಮ್ಮಿ ನಟ್ಟನಡುವ ಐತಿ, ಸ್ವಲ್ಪ ಆ ಕಡೆ. ಹಂಗಾದ್ರ 350ಕ್ಕಿಂತ ಒಂಚೂರು ಮ್ಯಾಲ. ಖರೇ ಉತ್ತರ 362. ಮಗ್ಗಿಗೆ ಹೊಂದೋ ಸಂಖ್ಯೆ ಹುಡುಕೋದು ಭಾಗಾಕಾರದ ಅಂದಾಜು, ಸೊನ್ನಿ ಹಚ್ಚೋದಲ್ಲ.

---

ನಿವೃತ್ತ_ಗಣಿತ

ಮೇಲಿನ ಮಾಸ್ತರರ ಮಾತು ಚೆನ್ನಾಗಿದೆ ಆದ್ರೆ ನನ್ನದೊಂದು ಭಿನ್ನಾಭಿಪ್ರಾಯ ಇದೆ, ಹೇಳ್ತೀನಿ. ನಾನು 31 ವರ್ಷ ಹೈಸ್ಕೂಲಲ್ಲಿ ಗಣಿತ ಪಾಠ ಮಾಡಿದವನು. 8ನೇ ಕ್ಲಾಸಿಗೆ ಬರೋ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಮೂರಂಕಿಯನ್ನ ಒಂದಂಕಿಯಿಂದ ಭಾಗಿಸೋದೇ ಬರಲ್ಲ, ಮಕ್ಕಳ ಓದು, ಲೆಕ್ಕ ಪರೀಕ್ಷೆ ಮಾಡೋ ಅಸರ್ ಸಮೀಕ್ಷೆಯವರು ಹಳ್ಳಿಹಳ್ಳಿಗೆ ಹೋಗಿ ಮಕ್ಕಳಿಗೆ ಕೊಡೋ ಭಾಗಾಕಾರವೂ ಅಷ್ಟೇ ಮಟ್ಟದ್ದು. ಇಂಥಾ ಪರಿಸ್ಥಿತಿಯಲ್ಲಿ ಅಂದಾಜು ಅಂತ ಒಂದು ಹೊಸ ಪಾಠ ಸೇರಿಸಿದ್ರೆ ಮಕ್ಕಳು ಇರೋದನ್ನೂ ಬಿಟ್ಟು "ಸುಮಾರು" ಅಂತ ಬರೆದು ಕೂತ್ಕೋತಾರೆ ಅನ್ನೋದು ನನ್ನ ಭಯ. ಮಗ್ಗಿ ಬಾಯಿಗೆ ಬರಬೇಕು, ಕ್ರಮ ಕೈಗೆ ಕೂರಬೇಕು, ಆಮೇಲೆ ಮಿಕ್ಕಿದ್ದು. ಭಾಜ್ಯ ಅಂದ್ರೆ ಭಾಜಕ ಗುಣಿಸು ಭಾಗಲಬ್ಧ ಕೂಡಿಸು ಶೇಷ, ಇದರಿಂದ ತಾಳೆ ನೋಡಿದ್ರೆ 73 × 6 = 438 ಅಂತ ತಕ್ಷಣ ಸಿಕ್ಕಿಬೀಳುತ್ತೆ, ಅದಕ್ಕೆ ಅಂದಾಜು ಯಾಕೆ ಬೇಕು?

---

ಸಾಲಿ_ಮಾಸ್ತರ

ಗುರುಗಳೇ, ತಾಳೆ ನೋಡೋದು ಭಾಳ ಚೊಲೋ ರೂಢಿ, ನಾನೂ ಮಾಡಿಸ್ತೀನಿ. ಆದ್ರ ತಾಳೆ ಲೆಕ್ಕ ಮುಗದ ಮ್ಯಾಲ ಬರ್ತೈತಿ, ಮತ್ತ ಯಾವ ಹುಡುಗಗ ತನ್ನ ಉತ್ತರದ ಮ್ಯಾಲ ಅನುಮಾನನ ಬರಂಗಿಲ್ಲೋ ಅಂವ ತಾಳೆ ಯಾಕ ನೋಡ್ತಾನ್ರಿ? ಅನುಮಾನ ಹುಟ್ಟಬೇಕಂದ್ರ ಉತ್ತರ ಎಷ್ಟರ ಆಸುಪಾಸು ಇರಬೇಕು ಅನ್ನೋದು ಮೊದಲ ಗೊತ್ತಿರಬೇಕು. ಮಗ್ಗಿ ಬೇಕು ಅನ್ನೋದಕ್ಕ ನನ್ನದೂ ಒಪ್ಪಿಗಿ ಐತಿ, 7ರ ಮಗ್ಗಿ ಬರದಾಂವಗ 2100 ಎಲ್ಲಿಂದ ಹೊಳೀಬೇಕು. ಆದ್ರ ಅಂದಾಜು ಮಾಡಿಸ್ತಾ ಮಾಡಿಸ್ತಾನ ನಮ್ಮ ಹುಡುಗೂರ ಮಗ್ಗಿ ಗಟ್ಟಿ ಆಗ್ಯಾವ, ಬರೇ ಬಾಯಿಪಾಠದಾಗ ಅಷ್ಟು ಆಗಿದ್ದಿಲ್ಲ.

---

ಅಡಿಕೆ_ಮರ

ನಾನು ಮೇಷ್ಟ್ರಲ್ಲ, ತೋಟ ಮಾಡೋನು, ಚನ್ನಗಿರಿ ಕಡೆ. ಆದ್ರೂ ಈ ಮಾತು ಓದಿ ಬರೀಬೇಕು ಅನ್ನಿಸ್ತು. ಹೋದ ಮಳೆಗಾಲಕ್ಕೆ ಮುಂಚೆ ಒಂದು ಎಕರೆ ಹೊಸದಾಗಿ ಅಡಿಕೆ ಹಾಕೋದಿತ್ತು, ಮಗ ಪಿಯುಸಿ ಸೈನ್ಸು, ನರ್ಸರಿಯಿಂದ ಎಷ್ಟು ಸಸಿ ತರಬೇಕು ಲೆಕ್ಕ ಹಾಕು ಅಂದೆ. ಗಿಡದಿಂದ ಗಿಡಕ್ಕೆ 9 ಅಡಿ, ಸಾಲಿಂದ ಸಾಲಿಗೆ 9 ಅಡಿ, ಒಂದು ಗಿಡಕ್ಕೆ 81 ಚದರಡಿ. ಎಕರೆಗೆ 43560 ಚದರಡಿ. ಮೊಬೈಲಲ್ಲಿ ಒತ್ತಿದ, "ಅಪ್ಪಾ 5377 ಸಸಿ" ಅಂದ. ಅವನು ಹೇಳಿದ ಧೈರ್ಯ ನೋಡಿ ನಾನೂ ಒಂದು ಗಳಿಗೆ ತಬ್ಬಿಬ್ಬಾದೆ. ಜಗಲಿ ಮೇಲೆ ಕೂತಿದ್ದ ನಮ್ಮಪ್ಪ, ಅವರು ಓದಿದ್ದು 4ನೇ ಕ್ಲಾಸು, ತಲೆ ಎತ್ತದೇ "ಎಕರೆಗೆ ಐನೂರೈವತ್ತು ಕಣೋ, ಐದು ಸಾವಿರ ಹಾಕಿದ್ರೆ ಒಳಗೆ ನಡಿಯೋಕೆ ಜಾಗ ಎಲ್ಲಿರುತ್ತೆ" ಅಂದ್ರು. ಆಮೇಲೆ ನೋಡಿದ್ರೆ ಹುಡುಗ 81ರ ಬದಲು 8.1 ಒತ್ತಿದ್ದ. ಸರಿಯಾಗಿ ಒತ್ತಿದ್ರೆ 537 ಚಿಲ್ಲರೆ.

ಅಪ್ಪನ ಐನೂರೈವತ್ತು ಎಲ್ಲಿಂದ ಬಂತು ಅಂತ ನಾನು ಈಗ ಯೋಚನೆ ಮಾಡ್ತಾ ಇದ್ದೆ. 43560ನ 44000 ಅಂತಲೂ 81ನ 80 ಅಂತಲೂ ಇಟ್ಕೊಂಡ್ರೆ 4400 ಭಾಗಿಸು 8, ಸರಿಯಾಗಿ 550! ನಮ್ಮ ಕಡೆ ಬಾಯಿಂದ ಬಾಯಿಗೆ ಬಂದ ಈ ನಂಬರ್ರೇ ಒಂದು ಭಾಗಾಕಾರದ ಅಂದಾಜು, ಯಾವ ಕಾಲದಲ್ಲಿ ಯಾರು ಮಾಡಿಟ್ರೋ. ಹದಿಮೂರು ಸಸಿ ಜಾಸ್ತಿ ಬರುತ್ತೆ, ಅದೂ ಒಳ್ಳೇದೇ, ಒಂದಷ್ಟು ಸಸಿ ಸಾಯ್ತಾವಲ್ಲ. ಮಕ್ಕಳಿಗೆ ಹೇಳಬೇಕಾದ್ದು ಇದು ಅನ್ಸುತ್ತೆ ನಂಗೆ, ಅಂದಾಜಲ್ಲಿ ಯಾವ ಕಡೆ ತಪ್ಪಿದ್ರೆ ನಷ್ಟ ಇಲ್ಲ ಅನ್ನೋದು. ಸಸಿ ಎಣಿಕೆ ಹೆಚ್ಚಿರಬೇಕು, ಬೆಳೆ ಬರೋ ದುಡ್ಡಿನ ಎಣಿಕೆ ಕಮ್ಮಿ ಇಟ್ಕೋಬೇಕು.

---

ನ್ಯೂಜೆರ್ಸಿ_ಕನ್ನಡಿಗ

ಇಲ್ಲಿ ನನ್ನ ಮಗನಿಗೆ 4ನೇ ಗ್ರೇಡಲ್ಲಿ ಪಾರ್ಷಿಯಲ್ ಕೋಷೆಂಟ್ ಅಂತ ಒಂದು ವಿಧಾನ ಹೇಳ್ಕೊಟ್ರು, ಮೊದಲು ನಂಗೆ ಇಷ್ಟ ಆಗಿರಲಿಲ್ಲ, ನಾವು ಕಲಿತ ಭಾಗಾಕಾರ ಎಷ್ಟು ಚಿಕ್ಕದಾಗಿ ಮುಗಿಯುತ್ತೆ ಇದೇನು ಉದ್ದ ಅನ್ನಿಸಿತ್ತು. ಈಗ ಭಾಜಕ ಎರಡಂಕಿ ಆದ ಮೇಲೆ ಅದರ ಉಪಯೋಗ ಗೊತ್ತಾಗ್ತಿದೆ. ಕಣದಲ್ಲಿ ರಾಶಿಯಿಂದ ಅಳೆದು ಅಳೆದು ಚೀಲಕ್ಕೆ ಹಾಕೋ ತರ. 1836 ÷ 27 ಅಂದ್ರೆ ರಾಶಿಯಿಂದ ಮೊದಲು ಒಂದು ದೊಡ್ಡ ಪಾಲು ತೆಗಿ, 27ನ 50 ಸಲ, 1350 ಹೋಯ್ತು, 486 ಉಳೀತು. ಇನ್ನೊಂದು 10 ಸಲ, 270 ಹೋಯ್ತು, 216 ಉಳೀತು. 8 ಸಲ, ಮುಗೀತು. 50, 10, 8 ಕೂಡಿಸಿದ್ರೆ 68. ಪ್ರತಿ ಸಲನೂ ಮಗು ಮಾಡೋದು ಒಂದು ಅಂದಾಜು, ಕಮ್ಮಿ ಅಂದಾಜು ಮಾಡಿದ್ರೆ ಇನ್ನೊಂದು ಸಲ ತೆಗೀಬೇಕು ಅಷ್ಟೇ, ಅಳಿಸೋ ಪ್ರಮೇಯ ಇಲ್ಲ. ಅಳಿಸೋ ಭಯ ಹೋಗಿದ್ದೇ ನಮ್ಮ ಹುಡುಗನಿಗೆ ದೊಡ್ಡ ಸಹಾಯ ಆಯ್ತು.

---

ನಿವೃತ್ತ_ಗಣಿತ

ಅಡಿಕೆ ತೋಟದವರ ತಂದೆಯವರ ಮಾತು ಓದಿ ನನ್ನ ಮೊದಲಿನ ಅಭಿಪ್ರಾಯ ಸ್ವಲ್ಪ ಸಡಿಲ ಮಾಡ್ಕೋಬೇಕಾಗಿದೆ. ಲೆಕ್ಕಕ್ಕೆ ಕೈ ಹಾಕೋ ಮುಂಚೆ ಸಂಖ್ಯೆಗಳ ಮುಖ ನೋಡಬೇಕು ಅನ್ನೋದು ನಮ್ಮ ನಾಡಿಗೆ ಹೊಸದೇನಲ್ಲ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಭಾಗಾಕಾರ ಹೇಳುವಾಗ, ಭಾಜ್ಯ ಭಾಜಕ ಎರಡರಲ್ಲೂ ಸಮಾನ ಅಪವರ್ತನ ಇದ್ರೆ ಅದನ್ನ ತೆಗೆದು ಭಾಗಿಸಿ ಅಂತ ಹೇಳಿದಾರೆ. ಈಗ ಅಮೆರಿಕದವರು ಕೊಟ್ಟ 1836 ÷ 27ನ್ನೇ ನೋಡಿ. 1, 8, 3, 6 ಕೂಡಿದ್ರೆ 18, ಅಂದ್ರೆ 9ರಿಂದ ಹೋಗುತ್ತೆ, 27ಉ 9ರಿಂದ ಹೋಗುತ್ತೆ. 204 ÷ 3 ಆಯ್ತು. ಬಾಯಲ್ಲೇ 68. ಇದು ಅಂದಾಜಲ್ಲ, ನಿಖರವೇ, ಆದ್ರೆ ನಿಂತು ನೋಡೋ ಅಭ್ಯಾಸ ಎರಡಕ್ಕೂ ಒಂದೇ. ನಾನು ಪಾಠ ಮಾಡುವಾಗ ಆ ನಿಂತು ನೋಡೋ ಒಂದು ನಿಮಿಷ ಮಕ್ಕಳಿಗೆ ಕೊಡಲಿಲ್ಲ, ಸಿಲೆಬಸ್ ಮುಗಿಸೋ ಅವಸರ ಇರ್ತಿತ್ತು. ಕೊಡಬೇಕಿತ್ತು.

ಎರಡಂಕಿ ಭಾಜಕ ಬಂದಾಗ ಒಂದು ಎಚ್ಚರಿಕೆ. 27ನ್ನ 30 ಮಾಡ್ಕೊಂಡು 1800 ÷ 30 = 60 ಅಂದ್ರೆ ಅದು ನಿಜವಾದ ಉತ್ತರಕ್ಕಿಂತ ಕೆಳಗೇ ಬರುತ್ತೆ, 27 ಜನಕ್ಕೆ ಹಂಚೋದನ್ನ 30 ಜನಕ್ಕೆ ಹಂಚಿದ ಹಾಗೆ, ತಲಾ ಪಾಲು ಸಣ್ಣದಾಗುತ್ತೆ. ಮಕ್ಕಳು ಇಲ್ಲಿ ತಿರುಗಾಮುರುಗಾ ಮಾಡ್ತಾರೆ, ಭಾಜಕ ಹೆಚ್ಚು ಮಾಡಿದ್ದೀನಿ ಹಾಗಾಗಿ ಉತ್ತರವೂ ಹೆಚ್ಚು ಬಂದಿದೆ ಅನ್ಕೋತಾರೆ, ಗುಣಾಕಾರದ ಅಭ್ಯಾಸಬಲ. ಇನ್ನು 24 ಬಂದ್ರೆ 20 ಮಾಡೋಕೆ ಹೋಗಬೇಡಿ. 1836 ÷ 24ನ್ನ 1800 ÷ 20 ಅಂದ್ರೆ 90 ಬರುತ್ತೆ, ನಿಜ 76 ಚಿಲ್ಲರೆ, ತುಂಬಾ ದೂರ. 24ನ್ನ 25 ಅನ್ನಿ. ನಾಲ್ಕು ಇಪ್ಪತ್ತೈದು ನೂರು ಅನ್ನೋದು ಪ್ರತಿ ಮಗುವಿಗೂ ದುಡ್ಡಿನಿಂದ ಗೊತ್ತು. ನೂರರಲ್ಲಿ ನಾಲ್ಕು, ಹದಿನೆಂಟು ನೂರರಲ್ಲಿ 72. ಎಷ್ಟು ಹತ್ತಿರ ಬಂತು ನೋಡಿ.

---

ಹಾಸನದ_ಅಮ್ಮ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಎರಡು ವಾರ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ. ಮಾಸ್ತರರು ಹೇಳಿದ ಮೂರು ಗೆರೆ ಮೊದಲ ದಿನದಿಂದಲೇ ಶುರು ಮಾಡಿದೆ. ಮೂರನೇ ದಿನ 3045 ÷ 5 ಮಾಡ್ತಾ 69 ಅಂತ ಬರೆದು ಎರಡು ಗೆರೆ ಎಳೆಯೋಕೆ ಸ್ಕೇಲ್ ತಗೊಂಡ್ಲು, ಸ್ಕೇಲ್ ಇಟ್ಟು ಹಂಗೇ ನಿಂತ್ಲು. "ಅಮ್ಮ ಒಂದು ಮನೆ ಖಾಲಿ ಇದೆ" ಅಂದ್ಲು. ನಾನು ಏನೂ ಮಾತಾಡ್ಲಿಲ್ಲ. 6 ಬರೆದ ಮೇಲೆ 4 ಇಳಿಸಿದ ಜಾಗಕ್ಕೆ ಬೆರಳಿಟ್ಟು, 4ರಲ್ಲಿ 5 ಹೋಗಲ್ಲ ಅಂದ್ರೆ ಸೊನ್ನೆ ಸಲ ಹೋಗುತ್ತೆ ಅಂತ ಅವಳೇ ಹೇಳ್ಕೊಂಡು ನಡುವೆ 0 ಬರೆದ್ಲು. 609. ಅವತ್ತಿಂದ ಸೊನ್ನೆ ಒಂದೇ ಒಂದು ಸಲ ಬಿಟ್ಟಿದಾಳೆ.

ರಫ್ ಶೀಟಲ್ಲಿ ಉತ್ತರ ಮಾಡ್ಕೊಂಡು ಅಂದಾಜು ಬರಿಯೋದು ಬಿಡಿಸೋಕೆ ಮಾತ್ರ ಟೈಮ್ ಹಿಡೀತು. ಮನೇಲಿ ಒಂದು ನಿಯಮ ಮಾಡಿದೀನಿ, ಅಂದಾಜನ್ನ ಪೆನ್ನಲ್ಲಿ ಬರೀಬೇಕು, ಲೆಕ್ಕ ಪೆನ್ಸಿಲಲ್ಲಿ, ಅಂದಾಜು ಯಾವತ್ತೂ ಅಳಿಸಬಾರದು, ಎಷ್ಟೇ ದೂರ ಇದ್ರೂ ನಾನು ರೈಟ್ ಹಾಕ್ತೀನಿ. ಮೊದಲು ಪೆನ್ ಹಿಡಿಯೋಕೇ ಹೆದರ್ತಾ ಇದ್ಲು ಪಾಪ. ಈಗ ಬರೆದು ಪಕ್ಕದಲ್ಲಿ ಇದಕ್ಕಿಂತ ಮೇಲೋ ಕೆಳಗೋ ಅಂತ ಒಂದು ಬಾಣ ಹಾಕ್ತಾಳೆ, ಬಾಣ ಸರಿ ಬಂದ್ರೆ ಅವಳಿಗೆ ಉತ್ತರ ಸರಿ ಬಂದಿದ್ದಕ್ಕಿಂತ ಖುಷಿ.

ಮೊನ್ನೆ ಗ್ಯಾಸ್ ಸಿಲಿಂಡರ್ ಬಂತು. ಅದರ ಮೇಲೆ 14.2 ಕೇಜಿ ಅಂತ ಇರುತ್ತಲ್ಲ, ನಮಗೆ ಒಂದು ಸಿಲಿಂಡರ್ ಹತ್ತತ್ರ 45 ದಿನ ಬರುತ್ತೆ, ಹಂಗಾದ್ರೆ ದಿನಕ್ಕೆ ಎಷ್ಟು ಗ್ರಾಂ ಗ್ಯಾಸ್ ಉರಿಸ್ತೀವಿ ಅಂತ ಕೇಳ್ದೆ. ಸಿಲಿಂಡರ್ ಮುಂದೆ ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಹೊತ್ತು ಬೆರಳು ಮಡಚ್ತಾ ಇದ್ಲು. "14200. ನಲವತ್ತೈದು ಮೂರ್ಲಿ ನೂರಾ ಮೂವತ್ತೈದು, ಅಂದ್ರೆ 13500 ಆಗಿದ್ರೆ 300. ನಮ್ಮದು ಜಾಸ್ತಿ ಇದೆ, ಹಂಗಾದ್ರೆ 300ರ ಮೇಲೆ, 400 ಆಗಲ್ಲ" ಅಂದ್ಲು. 45ನ 50 ಮಾಡು ಅಂತ ನಾನಾಗಿದ್ರೆ ಹೇಳ್ತಿದ್ದೆ, ಅವಳು 45ನ ಮುಟ್ಟಲೇ ಇಲ್ಲ, ಅದಕ್ಕೆ ಹೊಂದೋ ಸಂಖ್ಯೆ ಹುಡುಕಿದ್ಲು.

ಶನಿವಾರ ಪೇರೆಂಟ್ಸ್ ಮೀಟಿಂಗ್ ಇದೆ. ಅಂದಾಜಿನ ಕಾಲಮ್ಮಿಗೆ ಮಾರ್ಕ್ಸ್ ಕಟ್ ಮಾಡಬೇಡಿ ಅಂತ ಮಿಸ್ ಹತ್ರ ಕೇಳೋಣ ಅಂತಿದೀನಿ, ಜಗಳದ ತರ ಅಲ್ಲ. 2534 ÷ 7ಕ್ಕೆ ಕೀ ಉತ್ತರದಲ್ಲಿ ಒಂದೇ ಅಂದಾಜು ಕೊಟ್ಟಿದಾರೆ, ಒಂದು ಮಗು 350 ಬರೆದು ಇನ್ನೊಂದು ಮಗು 400 ಬರೆದ್ರೆ ಇಬ್ಬರೂ ಯೋಚನೆ ಮಾಡಿದಾರೆ ಅಲ್ವಾ. ಮಾಸ್ತರ್ರೇ, ನಿಮ್ಮ ಕ್ಲಾಸಲ್ಲಿ ಅಂದಾಜಿಗೆ ಮಾರ್ಕ್ಸ್ ಹೇಗೆ ಕೊಡ್ತೀರಿ ಅಂತ ಹೇಳಿದ್ರೆ ಅದನ್ನೇ ಅವರ ಹತ್ರ ಹೇಳ್ತೀನಿ.

---

ಸಾಲಿ_ಮಾಸ್ತರ

ನಾನು ಎರಡು ನೋಡ್ತೀನ್ರಿ. ಅಂಕಿ ಎಷ್ಟು ಅನ್ನೋದು ಸರಿ ಇದ್ರ ಅರ್ಧ, ಹೆಂಗ್ ಬಂತು ಅಂತ ಒಂದು ಮಾತಿನಾಗ ಬಾಯಿಲೆ ಹೇಳಿದ್ರ ಉಳದ ಅರ್ಧ. ನಿಮ್ಮ ಮಗಳು ಸಿಲಿಂಡರ್ ಮುಂದ ಕುಂತು ಹೇಳಿದ್ಲಲ್ಲ, ಅದಕ್ಕ ಪೂರಾ ಬರ್ತೈತಿ. ಮೀಟಿಂಗಿಗೆ ಹೋಗುವಾಗ ಆಕಿ ಪೆನ್ನಿಲೆ ಬರದ ಆ ನೋಟ್‌ಬುಕ್ ತಗೊಂಡ್ ಹೋಗ್ರಿ, ಬಾಣ ಹಾಕಿದ್ದು ಮಿಸ್ಸಿಗೆ ತೋರ್ಸ್ರಿ.